ಟೈರ್ ಒತ್ತಡ ಎಚ್ಚರಿಕೆ ದೀಪ

ಟೈರ್ ಒತ್ತಡ ಎಚ್ಚರಿಕೆ ದೀಪವು ಮೋಟಾರು ವಾಹನದ ಟೈರುಗಳಲ್ಲಿ ಗಾಳಿಯ ಒತ್ತಡ ನಿಗದಿತ ಮಟ್ಟಕ್ಕಿಂತ ಕಡಿಮೆಯಾದಾಗ ಚಾಲಕನ ಮುಂದಿನ ಡ್ಯಾಶ್‌ಬೋರ್ಡಿನಲ್ಲಿ ಬೆಳಗುವ ಹಳದಿ ಬಣ್ಣದ ಸೂಚಕ. ಟೈರ್ ಒತ್ತಡ ನಿಗಾ ವ್ಯವಸ್ಥೆಯ (ಟಿ.ಪಿ.ಎಂ.ಎಸ್.) ಭಾಗವಾಗಿರುವ ಇದು ಎರಡು ಬೇರೆ ಬೇರೆ ಸಂಗತಿಗಳನ್ನು ತಿಳಿಸುತ್ತದೆ: ಒಂದು, ಟೈರಿನಲ್ಲಿ ಗಾಳಿ ಕಡಿಮೆಯಾಗಿದೆ ಎಂಬುದು, ಇನ್ನೊಂದು, ನಿಗಾ ವ್ಯವಸ್ಥೆಯೇ ಕೆಟ್ಟಿದೆ ಎಂಬುದು. ಹಳೆಯ ಕಾರುಗಳಲ್ಲಿ ಈ ದೀಪವು ಗಾಳಿ ತುಂಬಿಸಿದ ಮೇಲೂ ಆರದೆ ಉಳಿಯುವುದು ಸಾಮಾನ್ಯ. ಆಗ ಇವೆರಡರಲ್ಲಿ ಯಾವುದು ಕಾರಣ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕಾಗುತ್ತದೆ. ಬೇರ್ಪಡಿಸುವ ಸಾಧನವು ಕೈಯಲ್ಲಿ ಹಿಡಿಯುವ ಸಾಮಾನ್ಯ ಒತ್ತಡಮಾಪಕವೇ ಆಗಿದೆ.

ಚಿಹ್ನೆ

ಕುದುರೆಯ ಲಾಳದಂತೆ ಕಾಣುವ ಟೈರಿನ ಅಡ್ಡ ಸೀಳುನೋಟ, ಅದರ ನಡುವೆ ಆಶ್ಚರ್ಯಸೂಚಕ ಚಿಹ್ನೆ: ಇದು ಈ ದೀಪದ ರೂಪ. ಕಾರು ಚಾಲೂ ಮಾಡಿದಾಗ ದೀಪ ಕೆಲವು ಕ್ಷಣ ಬೆಳಗಿ ಆರುವುದು ಸಹಜ. ಅದು ದೀಪವು ಸುಸ್ಥಿತಿಯಲ್ಲಿದೆ ಎಂಬುದರ ಪರೀಕ್ಷೆ. ನಂತರವೂ ಮಿನುಗದೆ ಸ್ಥಿರವಾಗಿ ಬೆಳಗುತ್ತಿದ್ದರೆ ಒಂದು ಅಥವಾ ಹೆಚ್ಚು ಟೈರುಗಳಲ್ಲಿ ಗಾಳಿ ಕಡಿಮೆಯಾಗಿದೆ ಎಂದರ್ಥ. ಚಾಲೂ ಮಾಡಿದಾಗ ಸುಮಾರು 60ರಿಂದ 90 ಸೆಕೆಂಡು ಮಿನುಗಿ, ಆಮೇಲೆ ಸ್ಥಿರವಾಗಿ ನಿಂತರೆ ಬಹುತೇಕ ವಾಹನಗಳಲ್ಲಿ ಅದು ವ್ಯವಸ್ಥೆಯ ದೋಷದ ಸೂಚನೆ. ಮಿನುಗು ಮುಗಿದ ಮೇಲೆ ಎರಡೂ ಸ್ಥಿತಿಗಳಲ್ಲಿ ದೀಪ ಒಂದೇ ರೀತಿ ಕಾಣುವುದರಿಂದ, ಮೊದಲ ಒಂದೂವರೆ ನಿಮಿಷ ಗಮನಿಸುವುದು ಮುಖ್ಯ.

ಇತಿಹಾಸ

ಎಲೆಕ್ಟ್ರಾನಿಕ್ ಟೈರ್ ಒತ್ತಡ ನಿಗಾ ವ್ಯವಸ್ಥೆಯನ್ನು ಅಳವಡಿಸಿಕೊಂಡ ಮೊದಲ ಕಾರುಗಳಲ್ಲಿ 1986ರ ಪೋರ್ಷೆ 959 ಪ್ರಸಿದ್ಧವಾದುದು. ಅಂದು ದುಬಾರಿ ಕಾರುಗಳಿಗೆ ಸೀಮಿತವಾಗಿದ್ದ ಈ ಸೌಲಭ್ಯವು ಕಾನೂನಿನ ಅಗತ್ಯವಾದದ್ದು ದುರಂತವೊಂದರ ನಂತರ. 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಿಗೆ ಹಾಕಿದ್ದ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಓಡುವಾಗಲೇ ಕಳಚಿಕೊಂಡು ಸಂಭವಿಸಿದ ಅಪಘಾತಗಳಲ್ಲಿ 200ಕ್ಕೂ ಹೆಚ್ಚು ಜನ ಮೃತಪಟ್ಟರು. ಇದರ ಪರಿಣಾಮವಾಗಿ 2000ದ ನವೆಂಬರಿನಲ್ಲಿ ಅಲ್ಲಿ ಟ್ರೆಡ್ ಕಾಯ್ದೆ ಜಾರಿಗೆ ಬಂದಿತು. ಒತ್ತಡವು ನಿಗದಿತ ಮಟ್ಟಕ್ಕಿಂತ ಶೇ. 25ರಷ್ಟು ಇಳಿದಾಗ ದೀಪ ಬೆಳಗಬೇಕೆಂಬ ನಿಯಮ 2007ರ ಸೆಪ್ಟೆಂಬರಿನಿಂದ ಎಲ್ಲ ಹೊಸ ಲಘು ವಾಹನಗಳಿಗೂ ಅನ್ವಯವಾಯಿತು. ಐರೋಪ್ಯ ಒಕ್ಕೂಟದಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾಯಿತು.

ಭಾರತದಲ್ಲಿ ಈ ವ್ಯವಸ್ಥೆಗೆ ಕಾನೂನಿನ ಮಹತ್ವ ಬಂದದ್ದು ಬೇರೆ ದಾರಿಯಿಂದ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 3.5 ಟನ್ನುಗಳವರೆಗಿನ ವಾಹನಗಳಲ್ಲಿ ಟೈರ್ ಒತ್ತಡ ನಿಗಾ ವ್ಯವಸ್ಥೆಯೂ ಪಂಕ್ಚರ್ ದುರಸ್ತಿ ಕಿಟ್ಟೂ ಇದ್ದಲ್ಲಿ ಸ್ಟೆಪ್ನಿ ಕಡ್ಡಾಯವಲ್ಲವೆಂದು ಹೇಳಿತು. ಆದ್ದರಿಂದ ಸ್ಟೆಪ್ನಿಯಿಲ್ಲದೆ ಮಾರಾಟವಾದ ಕಾರಿನಲ್ಲಿ ಈ ದೀಪದ ದೋಷವನ್ನು ಹೆಚ್ಚು ಗಂಭೀರವಾಗಿ ಪರಿಗಣಿಸಬೇಕಾಗುತ್ತದೆ.

ಕಾರ್ಯವಿಧಾನ

ಈ ವ್ಯವಸ್ಥೆಯಲ್ಲಿ ನೇರ ಮತ್ತು ಪರೋಕ್ಷ ಎಂಬ ಎರಡು ಬಗೆಗಳಿವೆ.

ನೇರ ವಿಧಾನದಲ್ಲಿ ಪ್ರತಿ ಚಕ್ರದ ಒಳಗೆ, ಸಾಮಾನ್ಯವಾಗಿ ಗಾಳಿ ತುಂಬುವ ವಾಲ್ವಿನ ಬುಡದಲ್ಲಿ, ಒಂದು ಪುಟ್ಟ ಸೆನ್ಸರ್ ಇರುತ್ತದೆ. ಅದು ಒತ್ತಡವನ್ನು ಅಳೆದು ರೇಡಿಯೊ ತರಂಗಗಳ ಮೂಲಕ ಕಾರಿನ ಗಣಕಕ್ಕೆ ಕಳುಹಿಸುತ್ತದೆ. ಸೆನ್ಸರಿಗೆ ಶಕ್ತಿ ಒದಗಿಸುವ ಲಿಥಿಯಂ ಬ್ಯಾಟರಿಯನ್ನು ರಾಳದಲ್ಲಿ ಮುಚ್ಚಿ ಕೂರಿಸಿರುವುದರಿಂದ ಅದನ್ನು ಬದಲಾಯಿಸಲು ಬರುವುದಿಲ್ಲ. ಬ್ಯಾಟರಿಯ ಆಯುಷ್ಯ ಸಾಮಾನ್ಯವಾಗಿ 5ರಿಂದ 10 ವರ್ಷ. ಅದು ತೀರಿದ ಮೇಲೆ ಇಡೀ ಸೆನ್ಸರನ್ನೇ ಹೊಸದಾಗಿ ಹಾಕಬೇಕು.

ಪರೋಕ್ಷ ವಿಧಾನದಲ್ಲಿ ಟೈರಿನೊಳಗೆ ಯಾವ ಸಾಧನವೂ ಇರುವುದಿಲ್ಲ. ಗಾಳಿ ಕಡಿಮೆಯಾದ ಟೈರಿನ ಸುತ್ತಳತೆ ತುಸು ಕುಗ್ಗುತ್ತದೆ; ಹೀಗಾಗಿ ಅಷ್ಟೇ ದೂರ ಕ್ರಮಿಸಲು ಅದು ಉಳಿದ ಟೈರುಗಳಿಗಿಂತ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. ಎ.ಬಿ.ಎಸ್. ಬ್ರೇಕಿನ ಚಕ್ರವೇಗ ಸೆನ್ಸರುಗಳು ಈ ವ್ಯತ್ಯಾಸವನ್ನು ಗುರುತಿಸುತ್ತವೆ. ಇದು ಅಗ್ಗದ ವಿಧಾನವಾದರೂ, ನಾಲ್ಕೂ ಟೈರುಗಳಲ್ಲಿ ಗಾಳಿ ಒಂದೇ ಸಮನಾಗಿ ಇಳಿದರೆ ಇಂಥ ಹಳೆಯ ವ್ಯವಸ್ಥೆಗಳಿಗೆ ತಿಳಿಯುವುದಿಲ್ಲ. ಗಾಳಿ ತುಂಬಿಸಿದ ನಂತರ ಅಥವಾ ಟೈರು ಬದಲಿಸಿದ ನಂತರ ಇದನ್ನು ಗುಂಡಿ ಒತ್ತಿ ಅಥವಾ ಪರದೆಯ ಮೆನುವಿನಿಂದ ರೀಸೆಟ್ ಮಾಡದಿದ್ದರೆ ದೀಪ ಉರಿಯುತ್ತಲೇ ಇರಬಹುದು.

ಉಷ್ಣಾಂಶ ಮತ್ತು ಒತ್ತಡ

ಮುಚ್ಚಿದ ಪಾತ್ರೆಯಲ್ಲಿರುವ ಅನಿಲದ ಒತ್ತಡ ಅದರ ಉಷ್ಣಾಂಶದೊಡನೆ ಏರುತ್ತದೆ, ಇಳಿಯುತ್ತದೆ. ಕಾರಿನ ಟೈರಿನಲ್ಲಿ ಸುಮಾರು 6 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಒತ್ತಡವು ಸರಿಸುಮಾರು 1 ಪಿ.ಎಸ್.ಐ. ಬದಲಾಗುತ್ತದೆ. 35 ಡಿಗ್ರಿ ಉಷ್ಣಾಂಶದಲ್ಲಿ 33 ಪಿ.ಎಸ್.ಐ. ಇದ್ದ ಟೈರು, ಒಂದಿಷ್ಟೂ ಗಾಳಿ ಸೋರದೆಯೇ, 12 ಡಿಗ್ರಿಯಲ್ಲಿ ಸುಮಾರು 29.5ಕ್ಕೆ ಇಳಿಯುತ್ತದೆ.

ನಿಗದಿತ ಒತ್ತಡ 33 ಆಗಿದ್ದು, ದೀಪವು ಶೇ. 25ರಷ್ಟು ಇಳಿದಾಗ ಬೆಳಗುವುದಾದರೆ, ಅದರ ಗಡಿ ಸುಮಾರು 24.75. ಮಧ್ಯಾಹ್ನ 27 ಪಿ.ಎಸ್.ಐ. ಇರುವ ಟೈರು ಈ ಗಡಿಯ ಮೇಲಿರುವುದರಿಂದ ದೀಪ ಸುಮ್ಮನಿರುತ್ತದೆ. ಅದೇ ಟೈರು ಮರುದಿನ ಬೆಳಗಿನ 12 ಡಿಗ್ರಿ ಚಳಿಯಲ್ಲಿ 24ರ ಸಮೀಪಕ್ಕೆ ಇಳಿಯುತ್ತದೆ, ದೀಪ ಬೆಳಗುತ್ತದೆ. ಕೆಲವು ಕಿಲೋಮೀಟರು ಓಡಿ ಟೈರು ಬಿಸಿಯಾದ ಮೇಲೆ ಆರುತ್ತದೆ. ಬೆಳಗ್ಗೆ ಬೆಳಗಿ ಮಧ್ಯಾಹ್ನ ಆರುವ ದೀಪವನ್ನು ಕೆಟ್ಟ ದೀಪವೆಂದು ತಿಳಿಯುವುದು ತಪ್ಪು. ಆ ಟೈರಿನಲ್ಲಿ ಮಧ್ಯಾಹ್ನವೂ ಗಾಳಿ ಕಡಿಮೆಯೇ ಇತ್ತು. ಚಳಿಯು ಅದನ್ನು ಬಯಲಿಗೆ ತಂದಿತು, ಅಷ್ಟೆ.

ವಿಜಯಪುರ ಪರಿಸರದ ವಿಶೇಷಗಳು

ಕರ್ನಾಟಕದ ವಿಜಯಪುರ ನಗರ ಮತ್ತು ಅದರ ನೆರೆಯ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಹವಾಮಾನ ಮತ್ತು ನೆಲ ಈ ಸಮಸ್ಯೆಯನ್ನು ಸ್ಪಷ್ಟವಾಗಿ ತೋರುತ್ತವೆ. ಒಣಹವೆಯ ಈ ಬಯಲುಸೀಮೆಯಲ್ಲಿ ಹಗಲು ಮತ್ತು ಬೆಳಗಿನ ಜಾವದ ಉಷ್ಣಾಂಶಗಳ ಅಂತರ ದೊಡ್ಡದು. ಡಿಸೆಂಬರ್, ಜನವರಿಗಳಲ್ಲಿ ಬೆಳಗಿನ ಉಷ್ಣಾಂಶ 15 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ದಾಟುವುದುಂಟು. ಬೇಸಿಗೆಯಲ್ಲಿ ತುಂಬಿಸಿದ ಗಾಳಿಯನ್ನು ಮತ್ತೆ ನೋಡದೆ ಚಳಿಗಾಲಕ್ಕೆ ಕಾಲಿಟ್ಟ ಕಾರಿನಲ್ಲಿ ದೀಪ ಬೆಳಗುವುದು ಅನಿರೀಕ್ಷಿತವಲ್ಲ. ಯಾವ ತೂತೂ ಇಲ್ಲದ ಟೈರಿನಿಂದಲೂ ತಿಂಗಳಿಗೆ 1ರಿಂದ 2 ಪಿ.ಎಸ್.ಐ. ಗಾಳಿ ರಬ್ಬರಿನ ಮೂಲಕ ಸಹಜವಾಗಿ ಹೊರಹೋಗುತ್ತದೆ.

ಎರಡನೆಯ ಕಾರಣ ಎರೆಭೂಮಿ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುವ ಗುಣವುಳ್ಳದ್ದು. ಅದರ ಮೇಲೆ ಹಾಸಿದ ರಸ್ತೆಗಳು ಅಲೆಯಲೆಯಾಗಿ ಏರಿಳಿದು ಗುಂಡಿ ಬೀಳುತ್ತವೆ. ಗುಂಡಿಯ ಅಂಚಿಗೆ ಬಡಿದು ರಿಮ್ಮಿನ ತುಟಿ ಸ್ವಲ್ಪ ಬಾಗಿದರೂ ಟ್ಯೂಬ್‌ಲೆಸ್ ಟೈರು ಅಲ್ಲಿ ನಿಧಾನವಾಗಿ ಗಾಳಿ ಬಿಡುತ್ತದೆ. ಮೂರನೆಯ ಕಾರಣ ಜಾಲಿ ಮುಳ್ಳು. ಹೊಲಗಳ ಬದುವಿನಲ್ಲೂ ದ್ರಾಕ್ಷಿ ತೋಟಗಳಿಗೆ ಹೋಗುವ ಕಚ್ಚಾ ದಾರಿಗಳಲ್ಲೂ ಬಿದ್ದಿರುವ ಮುಳ್ಳು ಟೈರಿನಲ್ಲಿ ಮುರಿದು ಉಳಿದರೆ, ತೂತನ್ನು ಅದೇ ಅರ್ಧ ಮುಚ್ಚಿರುತ್ತದೆ. ಗಾಳಿ ಒಮ್ಮೆಲೇ ಹೋಗದೆ ವಾರದಲ್ಲಿ ಇಷ್ಟಿಷ್ಟೇ ಇಳಿಯುತ್ತದೆ. ತುಂಬಿಸಿದರೆ ಆರುವ, ನಾಲ್ಕೈದು ದಿನಕ್ಕೆ ಮತ್ತೆ ಬೆಳಗುವ ದೀಪಕ್ಕೆ ಇಂಥ ಸಣ್ಣ ಸೋರಿಕೆಯೇ ಸಾಮಾನ್ಯ ಕಾರಣ.

ನಿರ್ಲಕ್ಷ್ಯದ ಅಪಾಯ

ಗಾಳಿ ಕಡಿಮೆಯಾದ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗಿ ನೆಟ್ಟಗಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದಾಗ ಅದು ಬಿಸಿಯಾಗುವಂತೆ ಟೈರೂ ಒಳಗಿನಿಂದ ಬಿಸಿಯಾಗುತ್ತದೆ. ರಬ್ಬರು ಮತ್ತು ನೂಲಿನ ಪದರಗಳ ಬೆಸುಗೆ ಸಡಿಲಗೊಳ್ಳುತ್ತದೆ. ಬೇಸಿಗೆಯ ಕಾದ ಡಾಂಬರು, ಪೂರ್ತಿ ತುಂಬಿದ ಕಾರು, ಸೊಲ್ಲಾಪುರ–ವಿಜಯಪುರ–ಹುಬ್ಬಳ್ಳಿ ರಾಷ್ಟ್ರೀಯ ಹೆದ್ದಾರಿಯಂಥ ರಸ್ತೆಯ ಎಡೆಬಿಡದ ವೇಗ, ಇವು ಒಟ್ಟುಗೂಡಿದಾಗ ಟೈರು ಸಿಡಿಯುವ ಸಂಭವ ಹೆಚ್ಚು. ಊರೊಳಗಿನ ನಿಧಾನ ಓಡಾಟದಲ್ಲಿ ತಿಂಗಳುಗಟ್ಟಲೆ ಏನೂ ಆಗದಿದ್ದ ಟೈರು ಹೆದ್ದಾರಿಯ ಒಂದೇ ಪ್ರಯಾಣದಲ್ಲಿ ಸಿಡಿಯಬಹುದಾಗಿದೆ.

ಪರಿಶೀಲನೆಯ ಕ್ರಮ

ಆರದ ದೀಪದ ಕಾರಣವನ್ನು ಹುಡುಕಲು ಕೆಳಗಿನ ಕ್ರಮ ಅನುಕೂಲಕರ.

1. ಓಡುವಾಗ ದೀಪದ ಜೊತೆಗೆ ಸ್ಟೇರಿಂಗ್ ಒಂದು ಕಡೆಗೆ ಎಳೆದರೆ ಅಥವಾ ಕಾರು ಓಲಾಡಿದರೆ, ಬ್ರೇಕನ್ನು ಜೋರಾಗಿ ಒತ್ತದೆ ವೇಗ ಇಳಿಸಿ, ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ನಾಲ್ಕೂ ಟೈರುಗಳನ್ನು ನೋಡಬೇಕು.

2. ಒತ್ತಡವನ್ನು ಟೈರು ತಣ್ಣಗಿರುವಾಗ ಅಳೆಯಬೇಕು. ಕನಿಷ್ಠ ಮೂರು ಗಂಟೆ ನಿಂತಿರುವ ಕಾರಿನ ಟೈರನ್ನು ತಣ್ಣಗಿದೆ ಎನ್ನಲಾಗುತ್ತದೆ. ನಿಗದಿತ ಒತ್ತಡವು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಕಂಬದ ಮೇಲಿನ ಚೀಟಿಯಲ್ಲಿರುತ್ತದೆ. ಟೈರಿನ ಮೇಲೆ ಅಚ್ಚಾಗಿರುವ ಸಂಖ್ಯೆ ಗರಿಷ್ಠ ಮಿತಿಯೇ ಹೊರತು ತುಂಬಬೇಕಾದ ಪ್ರಮಾಣವಲ್ಲ.

3. ಗಾಳಿ ತುಂಬುವ ಸ್ಥಳ ದೂರವಿದ್ದರೆ, ಉದಾಹರಣೆಗೆ ತಿಕೋಟಾದಿಂದ ವಿಜಯಪುರಕ್ಕೆ ಬಂದು ತುಂಬಿಸುವುದಾದರೆ, ಅಲ್ಲಿಗೆ ತಲುಪುವಷ್ಟರಲ್ಲಿ ಟೈರು ಬಿಸಿಯಾಗಿರುತ್ತದೆ. ಆಗ ಮನೆಯಲ್ಲಿಯೇ ಅಳೆದು ಕೊರತೆಯನ್ನು ಬರೆದುಕೊಳ್ಳಬೇಕು. ಮನೆಯಲ್ಲಿ 27 ಇದ್ದು ಬೇಕಾದದ್ದು 33 ಆದರೆ ಕೊರತೆ 6. ಅಂಗಡಿಯಲ್ಲಿ ಮಾಪಕವು 30 ತೋರಿಸಿದರೆ 36ಕ್ಕೆ ತುಂಬಿಸಿ, ಮರುದಿನ ಬೆಳಗ್ಗೆ ಮತ್ತೆ ಅಳೆದು ಸರಿಪಡಿಸಿಕೊಳ್ಳಬಹುದು.

4. ಸ್ಟೆಪ್ನಿಯನ್ನೂ ಅಳೆಯಬೇಕು. ಕೆಲವು ವಾಹನಗಳ ಸ್ಟೆಪ್ನಿಯಲ್ಲಿಯೂ ಸೆನ್ಸರ್ ಇದ್ದು, ಅದರ ಗಾಳಿ ಇಳಿದರೂ ದೀಪ ಬೆಳಗುತ್ತದೆ.

5. ಒತ್ತಡ ಸರಿಪಡಿಸಿದ ಮೇಲೆ ಕೈಪಿಡಿಯಲ್ಲಿ ಹೇಳಿದಂತೆ ರೀಸೆಟ್ ಮಾಡಿ ಸ್ವಲ್ಪ ದೂರ ಓಡಿಸಬೇಕು. ಅನೇಕ ವ್ಯವಸ್ಥೆಗಳು ಹೊಸ ಅಳತೆಯನ್ನು ಒಪ್ಪಿಕೊಳ್ಳಲು ಕೆಲವು ಕಿಲೋಮೀಟರು ಓಡಬೇಕಾಗುತ್ತದೆ.

6. ಒಂದು ವಾರ ಪ್ರತಿದಿನ ಬೆಳಗ್ಗೆ ಅಳೆದು ಬರೆದಿಡಬೇಕು. ಒಂದೇ ಟೈರು ಇಳಿಯುತ್ತಿದ್ದರೆ ಸೋರಿಕೆ ಖಚಿತ. ಸಾಬೂನಿನ ನೀರನ್ನು ಟೈರಿನ ಮೇಲ್ಮೈ, ವಾಲ್ವಿನ ಬಾಯಿ ಮತ್ತು ಬುಡ, ರಿಮ್ಮಿನ ಅಂಚು, ಈ ಎಲ್ಲ ಕಡೆ ಹಚ್ಚಿದರೆ ಗುಳ್ಳೆಗಳು ಸೋರಿಕೆಯ ಜಾಗವನ್ನು ತೋರಿಸುತ್ತವೆ.

7. ನಾಲ್ಕೂ ಟೈರುಗಳ ಒತ್ತಡ ವಾರವಿಡೀ ಸರಿಯಾಗಿದ್ದು, ರೀಸೆಟ್ ಮಾಡಿದರೂ ದೀಪ ಆರದಿದ್ದರೆ ಮಾತ್ರ ದೋಷವು ವ್ಯವಸ್ಥೆಯಲ್ಲಿದೆ ಎಂಬ ನಿರ್ಧಾರಕ್ಕೆ ಬರಬಹುದು.

ಸೆನ್ಸರಿನ ದೋಷ ಮತ್ತು ಬದಲಾವಣೆ

ನೇರ ವಿಧಾನದ ಹಳೆಯ ಕಾರುಗಳಲ್ಲಿ ಬ್ಯಾಟರಿ ತೀರುವುದೇ ಮುಖ್ಯ ದೋಷ. ನಾಲ್ಕೂ ಸೆನ್ಸರುಗಳು ಒಂದೇ ವಯಸ್ಸಿನವಾದ್ದರಿಂದ ಒಂದು ನಿಂತ ಮೇಲೆ ಉಳಿದವೂ ಹೆಚ್ಚು ಕಾಲ ಬಾಳದಿರಬಹುದು. ಟೈರಿನ ಬಳಿ ಹಿಡಿದು ಸೆನ್ಸರನ್ನು ಎಚ್ಚರಿಸುವ ಪರೀಕ್ಷಾ ಸಾಧನದಿಂದ ಯಾವುದು ಉತ್ತರಿಸುತ್ತಿಲ್ಲ ಎಂಬುದನ್ನು ಟೈರು ಬಿಚ್ಚದೆಯೇ ತಿಳಿಯಬಹುದು. ಸೆನ್ಸರ್ ಬದಲಿಸಲು ಟೈರನ್ನು ರಿಮ್ಮಿನಿಂದ ಬಿಡಿಸಲೇಬೇಕಾದ್ದರಿಂದ, ಹೊಸ ಟೈರು ಹಾಕಿಸುವ ಸಮಯದಲ್ಲಿಯೇ ಈ ಕೆಲಸ ಮುಗಿಸುವುದು ಮಿತವ್ಯಯ. ಹೊಸ ಸೆನ್ಸರಿನ ಗುರುತುಸಂಖ್ಯೆಯನ್ನು ಕಾರಿನ ಗಣಕಕ್ಕೆ ಪರಿಚಯಿಸಬೇಕು. ಇಲ್ಲದಿದ್ದರೆ ದೀಪ ಆರುವುದಿಲ್ಲ.

ಪಂಕ್ಚರ್ ಹಾಕುವವರಿಗೆ ಚಕ್ರದೊಳಗೆ ಸೆನ್ಸರ್ ಇದೆಯೆಂದು ಮುಂಚಿತವಾಗಿ ತಿಳಿಸುವುದು ಅವಶ್ಯ. ಟೈರು ಬಿಡಿಸುವಾಗ ವಾಲ್ವಿನ ಪಕ್ಕದಲ್ಲಿ ಸಲಾಕೆ ಹಾಕಿದರೆ ಸೆನ್ಸರ್ ಮುರಿಯುತ್ತದೆ. ಟೈರಿನೊಳಗೆ ಸುರಿಯುವ ಪಂಕ್ಚರ್ ನಿರೋಧಕ ದ್ರವವು ಸೆನ್ಸರಿನ ಸೂಕ್ಷ್ಮ ರಂಧ್ರವನ್ನು ಮುಚ್ಚಬಹುದು. ಅಲ್ಯುಮಿನಿಯಂ ವಾಲ್ವಿಗೆ ಬೇರೆ ಲೋಹದ ಮುಚ್ಚಳ ಹಾಕಿದರೆ ಕಿಲುಬಿನಿಂದ ಎರಡೂ ಅಂಟಿಕೊಳ್ಳುತ್ತವೆ. ಪ್ಲಾಸ್ಟಿಕ್ ಮುಚ್ಚಳವೇ ಸೂಕ್ತ.

ಹೊಸ ಸೆನ್ಸರುಗಳ ವೆಚ್ಚ ಹಳೆಯ ಕಾರಿಗೆ ಹೊರೆಯೆನಿಸಿದರೆ, ವಾಲ್ವಿನ ಮುಚ್ಚಳದ ಜಾಗದಲ್ಲಿ ತಿರುಗಿಸಿ ಕೂರಿಸುವ ಹೊರಗಿನ ಸೆನ್ಸರುಗಳೂ ಅವುಗಳ ಪ್ರತ್ಯೇಕ ಪರದೆಯೂ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಅದೂ ಬೇಡವಾದರೆ ಒಂದು ಒತ್ತಡಮಾಪಕ ಮತ್ತು ವಾರಕ್ಕೊಮ್ಮೆ ಅಳೆಯುವ ಅಭ್ಯಾಸ ಸಾಕಾಗುತ್ತದೆ. ಆದರೆ ದೀಪದ ಮೇಲೆ ಪಟ್ಟಿ ಅಂಟಿಸಿ ಮರೆಮಾಡುವುದು ಪರಿಹಾರವಲ್ಲ. ಉಳಿದ ಮೂರು ಸೆನ್ಸರುಗಳು ಕೊಡಬಹುದಾದ ನಿಜವಾದ ಎಚ್ಚರಿಕೆಯೂ ಅದರಡಿ ಮರೆಯಾಗುತ್ತದೆ.

ತಪ್ಪು ಕಲ್ಪನೆಗಳು

ಬೇಸಿಗೆಯಲ್ಲಿ ಗಾಳಿ ಹಿಗ್ಗುವುದರಿಂದ ಟೈರಿಗೆ ಕಡಿಮೆ ಗಾಳಿ ಹಾಕಿಸಬೇಕು ಎಂಬುದು ವ್ಯಾಪಕವಾದ ನಂಬಿಕೆ. ಇದು ಅಪಾಯಕಾರಿ. ಓಡುವಾಗ ಒತ್ತಡ ಏರುವುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ತಯಾರಕರು ತಣ್ಣಗಿನ ಒತ್ತಡವನ್ನು ನಿಗದಿಪಡಿಸಿರುತ್ತಾರೆ. ಕಡಿಮೆ ಗಾಳಿಯ ಟೈರು ಹೆಚ್ಚು ಬಾಗುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಅದೇ ಕಾರಣಕ್ಕೆ ಬಿಸಿ ಟೈರಿನಿಂದ ಗಾಳಿ ಬಿಡುವುದೂ ಸಲ್ಲದು.

ಸಾರಜನಕ ತುಂಬಿಸಿದರೆ ಒತ್ತಡ ಬದಲಾಗುವುದಿಲ್ಲ ಎಂಬುದು ಇನ್ನೊಂದು ನಂಬಿಕೆ. ಸಾಮಾನ್ಯ ಗಾಳಿಯಲ್ಲಿಯೇ ಸುಮಾರು ಶೇ. 78 ಭಾಗ ಸಾರಜನಕವಿದೆ. ಶುದ್ಧ ಸಾರಜನಕವು ತುಸು ನಿಧಾನವಾಗಿ ಸೋರಿದರೂ, ಉಷ್ಣಾಂಶದ ನಿಯಮಕ್ಕೆ ಅದೂ ಗಾಳಿಯಂತೆಯೇ ಒಳಪಟ್ಟಿರುತ್ತದೆ.

ದೀಪ ಬೆಳಗದಿದ್ದರೆ ಟೈರುಗಳು ಸುರಕ್ಷಿತ ಎಂಬ ಭಾವನೆಯೂ ಸರಿಯಲ್ಲ. ಸವೆದ ಅಥವಾ ಬಿರುಕುಬಿಟ್ಟ ಟೈರನ್ನು ಈ ವ್ಯವಸ್ಥೆ ಗುರುತಿಸುವುದಿಲ್ಲ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯ ಸಂಖ್ಯೆ ಅದರ ವಯಸ್ಸನ್ನು ತಿಳಿಸುತ್ತದೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ.

ಇವನ್ನೂ ನೋಡಿ

ಟೈರು
ಎ.ಬಿ.ಎಸ್. ಬ್ರೇಕ್ ವ್ಯವಸ್ಥೆ
ಅನಿಲ ನಿಯಮಗಳು
ಎರೆಮಣ್ಣು
ವಿಜಯಪುರ ಜಿಲ್ಲೆ