ಕಡಲಾಚೆಯ ಕಡತದಲ್ಲಿ ಮುತ್ತಜ್ಜಿಯ ಹೆಸರು

ಯುದ್ಧಕ್ಕೆ ಹೋಗಿ ಮರಳದ ಹಿರಿಯರ ಬಗ್ಗೆ ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಉಳಿದಿರುವುದು ಹೆಚ್ಚಾಗಿ ಒಂದೆರಡು ಮಾತು ಮಾತ್ರ. ಅವರಿಗೆ ಮದುವೆಯಾಗಿತ್ತೇ, ಹೆಂಡತಿ ಯಾವ ಮನೆಯವರು ಎಂದು ಕೇಳಿದರೆ ಹೇಳುವವರಿಲ್ಲ. ಆ ಉತ್ತರ ಕೆಲವೊಮ್ಮೆ ಇಂಗ್ಲೆಂಡಿನ ಕಡತದಲ್ಲಿ ಸಿಗುತ್ತದೆ.

ಅಲ್ಲಿನ ಮೇಡನ್‌ಹೆಡ್ ಪಟ್ಟಣದಲ್ಲಿ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಇದೆ. 1917ರಲ್ಲಿ ಹುಟ್ಟಿದ ಈ ಸಂಸ್ಥೆ ಎರಡೂ ಮಹಾಯುದ್ಧಗಳಲ್ಲಿ ಮಡಿದ ಯೋಧರ ಹೆಸರುಗಳನ್ನು ಕಾಪಾಡುತ್ತ ಬಂದಿದೆ. ಅದರ ಜಾಲತಾಣದಲ್ಲಿ ಹುಡುಕಲು ಹಣ ಕೊಡಬೇಕಿಲ್ಲ. ಎರಡನೇ ಯುದ್ಧದ ಪಟ್ಟಿಯಲ್ಲಿ ಭಾರತೀಯ ಸಿಪಾಯಿಗಳ ಹೆಸರು, ನಂಬರು, ಪಡೆ ಇರುತ್ತವೆ. ಅನೇಕ ಕಡೆ ಇಂಥವರ ಮಗ, ಇಂಥವಳ ಗಂಡ, ಇಂಥ ಊರಿನವನು ಎಂಬ ಸಾಲೂ ಇರುತ್ತದೆ. ಊರಿನ ಯಾವ ದಾಖಲೆಯಲ್ಲೂ ಕಾಣದ ಹೆಣ್ಣುಮಗಳೊಬ್ಬಳ ಹೆಸರು ಆ ಒಂದು ಸಾಲಿನಲ್ಲಿ ಉಳಿದಿರಬಹುದು. 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿದ್ದು ತೀರಿಕೊಂಡವರು ಈ ಪಟ್ಟಿಗೆ ಸೇರುತ್ತಾರೆ. ಗೋರಿಯೇ ಇಲ್ಲದವರ ಹೆಸರುಗಳು ಬರ್ಮಾದ ರಂಗೂನ್ ಸ್ಮಾರಕದಲ್ಲಿ ಸುಮಾರು 27,000, ಸಿಂಗಾಪುರದ ಕ್ರಾಂಜಿಯಲ್ಲಿ 24,000ಕ್ಕೂ ಹೆಚ್ಚು ಇವೆ.

ಆದರೆ ಊರಿನ ಹೆಸರು ಹಾಕಿ ಹುಡುಕುವಾಗ ಜಾಗ್ರತೆ ಬೇಕು. ಆಂಧ್ರದಲ್ಲೂ ಒಂದು ಪುತ್ತೂರು ಇದೆ, ಅದೂ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಸುಳ್ಯವನ್ನು ಇಂಗ್ಲಿಷಿನಲ್ಲಿ ಎರಡು ‘ಎಲ್’ ಹಾಕಿಯೂ ಬರೆದಿದ್ದಾರೆ, ಒಂದೇ ‘ಎಲ್’ಗೆ ‘ವೈ’ ಸೇರಿಸಿಯೂ ಬರೆದಿದ್ದಾರೆ. ಜಿಲ್ಲೆಯ ಹೆಸರಾದ ಕೆನರಾ ಕೆಲವು ಕಡೆ ‘ಸಿ’ಯಿಂದ, ಕೆಲವು ಕಡೆ ‘ಕೆ’ಯಿಂದ ಶುರುವಾಗುತ್ತದೆ. ಕಡಬ ತಾಲ್ಲೂಕಾದದ್ದು ತೀರ ಇತ್ತೀಚೆಗೆ. ಹಳೆಯ ಕಾಗದಗಳಲ್ಲಿ ಈ ಸೀಮೆ ಉಪ್ಪಿನಂಗಡಿ ತಾಲ್ಲೂಕು. ಅಮರ ಸುಳ್ಯವಂತೂ ಮೊದಲು ಕೊಡಗಿನ ಅರಸರ ಕೈಯಲ್ಲಿತ್ತು. 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಪಾಲಾದ ಮೇಲೆ ಅದು ಕೆನರಾ ಜಿಲ್ಲೆಗೆ ಸೇರಿತು. 1956ರವರೆಗೆ ಈ ಸೀಮೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ಅಲ್ಲಿಯವರೆಗಿನ ಸೈನಿಕನನ್ನು ಮೈಸೂರಿನ ಕಡತದಲ್ಲಿ ಹುಡುಕಿ ಪ್ರಯೋಜನವಿಲ್ಲ, ಮದ್ರಾಸಿನ ಕಡತವನ್ನೇ ತೆರೆಯಬೇಕು.

ಮದುವೆಯ ಸುಳಿವಿಗೆ ಇನ್ನೊಂದು ಜಾಗವೂ ಇದೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಮದ್ರಾಸ್ ಪ್ರಾಂತ್ಯದ ಚರ್ಚ್ ರಿಜಿಸ್ಟರುಗಳ ಪ್ರತಿಗಳಿವೆ. 1698ರಿಂದ ಮುಂದಿನ ಜ್ಞಾನಸ್ನಾನ, ಮದುವೆ, ಅಂತ್ಯಸಂಸ್ಕಾರಗಳು ಅವುಗಳಲ್ಲಿ ಸಿಗುತ್ತವೆ. ಹಿರಿಯರಲ್ಲಿ ಯುರೋಪಿಯನ್ ಸೈನಿಕನಿದ್ದರೆ ಇದು ದೊಡ್ಡ ಗಣಿ. ಹಿಂದೂ, ಮುಸ್ಲಿಂ ಸಿಪಾಯಿಗಳ ಮದುವೆಗೆ ಮಾತ್ರ ಅಲ್ಲಿ ಜಾಗವಿಲ್ಲ.

ತುಳುನಾಡಿಗೆ ಇನ್ನೊಂದು ತೊಡಕಿದೆ. ಅಳಿಯ ಸಂತಾನದ ಮನೆಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು, ಹೆಂಡತಿ ಮಕ್ಕಳು ಬೇರೆ ಕುಟುಂಬಕ್ಕೆ ಸೇರಿದವರಾಗಿದ್ದರು. ಆ ಮದುವೆ, ಜೀವನಾಂಶ, ಉತ್ತರಾಧಿಕಾರಗಳ ಬಗ್ಗೆ ಮದ್ರಾಸ್ ಸರ್ಕಾರ ಕಾಯ್ದೆ ಮಾಡಿದ್ದು 1949ರಲ್ಲಿ. ಹಾಗಾಗಿ ಸಿಪಾಯಿ ತನ್ನ ವಾರಸುದಾರರೆಂದು ತಾಯಿಯನ್ನೋ ಸೋದರಮಾವನನ್ನೋ ಬರೆಸಿದ್ದರೆ ಅವನು ಮದುವೆಯಾಗಿರಲಿಲ್ಲ ಎಂದು ತೀರ್ಮಾನಿಸಬಾರದು. ತರವಾಡಿನ, ಅಂದರೆ ತಾಯಿಯ ಕಡೆಯ ಮೂಲ ಮನೆಯ, ಹೆಸರು ಹಿಡಿದು ಹುಡುಕುವುದೇ ಇಲ್ಲಿ ಸರಿಯಾದ ದಾರಿ.

ಜೀವಂತವಾಗಿ ಮರಳಿದವರ ಕಡತಕ್ಕೆ ಲಂಡನ್ನಿನತ್ತ ನೋಡಬೇಕಾಗಿಲ್ಲ. ಭಾರತೀಯ ಸಿಪಾಯಿಗಳ ಸೇವಾ ದಾಖಲೆಗಳು ಉಳಿದಿದ್ದರೆ ಇಲ್ಲೇ, ಆಯಾ ಪಡೆಯ ದಾಖಲೆ ಕಚೇರಿಯಲ್ಲಿರುತ್ತವೆ. ಮದ್ರಾಸ್ ಸ್ಯಾಪರ್ಸ್‌ಗೆ ಬೆಂಗಳೂರು, ಮದ್ರಾಸ್ ರೆಜಿಮೆಂಟಿಗೆ ನೀಲಗಿರಿಯ ವೆಲ್ಲಿಂಗ್ಟನ್, ಮರಾಠಾ ಪಡೆಗೆ ಬೆಳಗಾವಿ. ‘ಕಿಂಡ್ರೆಡ್ ರೋಲ್’ ಎಂಬ ಹಾಳೆಯಲ್ಲಿ ಹೆಂಡತಿ ಮಕ್ಕಳ ವಿವರ ಬರೆಯುತ್ತಾರೆ.

ಇಂಥ ಸೇನಾ ಕಡತಗಳಿಗೆ ಒಳ್ಳೆಯ ಕೀಲಿಕೈ ಸೈನಿಕನ ನಂಬರು. ಮೊದಲ ಯುದ್ಧದ ಬೆಳ್ಳಿ ಪದಕದ ಅಂಚಿನಲ್ಲಿ ನಂಬರು, ಹುದ್ದೆ, ಹೆಸರು, ಪಡೆ ಕೊರೆದಿರುತ್ತವೆ. ಬೆಳ್ಳಿಯ ಆಸೆಗೆ ಕರಗಿಹೋದ ಪದಕಗಳ ಜೊತೆ ಆ ಅಕ್ಷರಗಳೂ ಹೋದವು. ಮನೆಯ ಹಳೆಯ ಪೆಟ್ಟಿಗೆಯಲ್ಲಿ ಪದಕವೋ ಪೆನ್ಷನ್ ಕಾಗದವೋ ಉಳಿದಿದ್ದರೆ ಇಂದೇ ಅದರ ಫೋಟೊ ತೆಗೆದಿಡಿ, ಅಂಚಿನ ಅಕ್ಷರಗಳನ್ನು ಬರೆದಿಟ್ಟುಕೊಳ್ಳಿ, ಮನೆಯ ಹಿರಿಯರನ್ನು ಕೂರಿಸಿ ತರವಾಡಿನ ಹೆಸರು ಕೇಳಿಕೊಳ್ಳಿ.