ಅಡಿಲೇಡಿನಲ್ಲಿ ರಾತ್ರಿ ಹನ್ನೊಂದೂವರೆ, ಸಾಗರದಲ್ಲಿ ಸಂಜೆ ಏಳೂವರೆ

2025ರ ಸೆಪ್ಟೆಂಬರ್ 4, ಗುರುವಾರ. ಮರುದಿನ ಶಾಲೆಯಿದ್ದರೂ ರಾತ್ರಿ ಹನ್ನೊಂದೂವರೆಯವರೆಗೆ ಎಚ್ಚರವಾಗಿರಲು ನನ್ನ ಮಗ ಒಂದು ವಾರ ಮೊದಲೇ ತಾಯಿಯಿಂದ ಅನುಮತಿ ಪಡೆದಿದ್ದ. ಫೋನಿನ ಆ ಬದಿಯಲ್ಲಿ ಸಾಗರದ ಅಣ್ಣನ ಮನೆ. ಅಲ್ಲಿ ಆಗ ಸಂಜೆ ಏಳೂವರೆ. ಅಣ್ಣನ ಮಗನೂ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದ. ಇಬ್ಬರೂ ಕಾಯುತ್ತಿದ್ದುದು 'ಹಾಲೋ ನೈಟ್: ಸಿಲ್ಕ್‌ಸಾಂಗ್' ಎಂಬ ಆಟದ ಬಿಡುಗಡೆಗೆ. ಅದನ್ನು ರೂಪಿಸಿದ ಟೀಮ್ ಚೆರ್ರಿ ನಾವಿರುವ ಅಡಿಲೇಡಿನದೇ ಪುಟ್ಟ ತಂಡ.

ಆಟ ಘೋಷಣೆಯಾದದ್ದು 2019ರ ಫೆಬ್ರುವರಿಯಲ್ಲಿ. ಆಗ ನನ್ನ ಮಗನಿಗೆ ಒಂಬತ್ತು ವರ್ಷ, ಅವನ ಅಣ್ಣನಿಗೆ ಹನ್ನೊಂದು. ಇಬ್ಬರೂ ಬೆಳೆದು ದನಿ ಒಡೆಯಿತು, ಮೀಸೆ ಚಿಗುರಿತು. ಆಟ ಮಾತ್ರ ಬರಲಿಲ್ಲ. 2022ರ ಜೂನಿನಲ್ಲಿ ಎಕ್ಸ್‌ಬಾಕ್ಸ್‌ನವರ ಕಾರ್ಯಕ್ರಮವೊಂದರಲ್ಲಿ ತೋರಿಸಿದ ಆಟಗಳೆಲ್ಲ ಹನ್ನೆರಡು ತಿಂಗಳೊಳಗೆ ಸಿಗುತ್ತವೆ ಎಂದರು. ಈ ಆಟವೂ ಆ ಪಟ್ಟಿಯಲ್ಲಿತ್ತು. ಗಡುವು ಸಮೀಪಿಸಿದಾಗ, 2023ರ ಮೇ ತಿಂಗಳಲ್ಲಿ, ಇನ್ನೂ ತಡವಾಗುತ್ತದೆ ಎಂಬ ಪ್ರಕಟಣೆ ಬಂತು. ಸಾಗರಕ್ಕೆ ಕರೆ ಮಾಡಿದಾಗಲೆಲ್ಲ ಮಕ್ಕಳಿಬ್ಬರ ಮೊದಲ ಪ್ರಶ್ನೆ, "ಏನಾದರೂ ಸುದ್ದಿ ಬಂತಾ?"

ಅಡಕೆ ವ್ಯಾಪಾರದ ಲೆಕ್ಕದಲ್ಲೇ ಬೆಳೆದ ನನಗೆ ಈ ಅಂಗಡಿಗಳ ರೀತಿ ಆರಂಭದಲ್ಲಿ ಅರ್ಥವಾಗಲಿಲ್ಲ. ಮಾಲು ಬರುವ ಮೊದಲೇ ಅದಕ್ಕೊಂದು ಪುಟ ತೆರೆದಿರುತ್ತದೆ. ಕಂಪ್ಯೂಟರ್ ಆಟಗಳ ದೊಡ್ಡ ಅಂಗಡಿಯಾದ ಸ್ಟೀಮ್‌ನಲ್ಲಿ ಬಿಡುಗಡೆಗೆ ಕನಿಷ್ಠ ಎರಡು ವಾರ ಮೊದಲು 'ಶೀಘ್ರದಲ್ಲೇ ಬರಲಿದೆ' ಎಂಬ ಪುಟ ಸಾರ್ವಜನಿಕರಿಗೆ ಕಾಣಲೇಬೇಕೆಂಬ ನಿಯಮವಿದೆ. ದಿನಾಂಕದ ಜಾಗದಲ್ಲಿ ತಯಾರಕರು ನಿಖರ ದಿನವನ್ನೂ ಹಾಕಬಹುದು, ತಿಂಗಳನ್ನೂ ಹಾಕಬಹುದು, ಬರಿಯ ವರ್ಷವನ್ನೂ ಹಾಕಬಹುದು. ಏನೂ ಹೇಳದೆಯೂ ಇರಬಹುದು. ಗ್ರಾಹಕರು ಆಟವನ್ನು ತಮ್ಮ 'ವಿಷ್‌ಲಿಸ್ಟ್'ಗೆ ಸೇರಿಸುತ್ತಾರೆ. ಬಿಡುಗಡೆಯಾದ ದಿನ ಅವರಿಗೆ ಮಿಂಚಂಚೆ ಹೋಗುತ್ತದೆ. ಇದು ಗ್ರಾಹಕರಿಗೆ ನೆನಪಿನ ಚೀಟಿ, ಅಂಗಡಿಗೋ ಬೇಡಿಕೆಯನ್ನು ಅಳೆಯುವ ಸೇರು. ಬರಲಿರುವ ಆಟಗಳಲ್ಲಿ ಅತಿ ಹೆಚ್ಚು ಜನರ ಪಟ್ಟಿಯಲ್ಲಿದ್ದದ್ದು ಸಿಲ್ಕ್‌ಸಾಂಗೇ.

ಈ ಪಟ್ಟಿಗೆ ಸೇರಿಸಲು ಕಾಸು ಬೇಕಿಲ್ಲ. ತೊಡಕಿರುವುದು ಮುಂಗಡ ಖರೀದಿಯಲ್ಲಿ. ನನ್ನ ಮಗ ಹನ್ನೊಂದು ವರ್ಷದವನಿದ್ದಾಗ ಬೇರೊಂದು ಅಂಗಡಿಯ ಜಾಲತಾಣದಲ್ಲಿ ಬೇರೊಂದು ಆಟಕ್ಕೆ ಡಿಸೆಂಬರ್ 31 ಎಂಬ ದಿನಾಂಕ ಕಂಡು, ಹುಟ್ಟುಹಬ್ಬಕ್ಕೆ ಅಜ್ಜ ಕೊಟ್ಟ ಹಣವನ್ನೆಲ್ಲ ಕಟ್ಟಿಬಿಟ್ಟಿದ್ದ. ಆ ದಿನಾಂಕ ತಯಾರಕರು ಹೇಳಿದ್ದಲ್ಲ, ಖಾಲಿ ಜಾಗ ತುಂಬಲು ಅಂಗಡಿಯವರೇ ಹಾಕಿದ್ದು ಎಂಬುದು ಜನವರಿಯಲ್ಲಿ ತಿಳಿಯಿತು. ಹಣ ಮರಳಿ ಬರಲು ನಾನು ಆರು ಪತ್ರ ಬರೆಯಬೇಕಾಯಿತು. ವರ್ಷದ ಕೊನೆಯ ದಿನವೋ ತ್ರೈಮಾಸಿಕದ ಕೊನೆಯ ದಿನವೋ ಕಂಡರೆ ನಾನು ಈಗ ನಂಬುವುದಿಲ್ಲ.

ತಯಾರಕರೇ ಹೇಳಿದ ದಿನಾಂಕವೂ ಜಾರುತ್ತದೆ. 'ಸೈಬರ್‌ಪಂಕ್ 2077' ಆಟಕ್ಕೆ 2020ರ ಏಪ್ರಿಲ್ 16 ಎಂದಿದ್ದು ಸೆಪ್ಟೆಂಬರ್ ಆಯಿತು, ನವೆಂಬರ್ ಆಯಿತು, ಕೊನೆಗೆ ಡಿಸೆಂಬರ್ 10ಕ್ಕೆ ಬಂತು. ಬಂದದ್ದು ದೋಷಗಳಿಂದ ತುಂಬಿತ್ತು. ಒಂದೇ ವಾರದಲ್ಲಿ ಸೋನಿ ಕಂಪನಿ ಅದನ್ನು ತನ್ನ ಅಂಗಡಿಯಿಂದ ತೆಗೆದು, ಕೊಂಡವರಿಗೆ ಹಣ ಹಿಂದಿರುಗಿಸಲು ಮುಂದಾಯಿತು.

ಇಲ್ಲಿಗೆ ಬರಲು ಯೋಚಿಸುತ್ತಿರುವವರು ಒಂದು ವಿಷಯ ತಿಳಿದಿರಬೇಕು. ಆಸ್ಟ್ರೇಲಿಯಾದಲ್ಲಿ ಗ್ರಾಹಕರ ಕಾನೂನು ಕಾಗದದ ಮೇಲಷ್ಟೇ ಇಲ್ಲ. ಸ್ಟೀಮ್‌ನ ಒಡೆಯನಾದ ವಾಲ್ವ್ ಕಂಪನಿಯು ಹಣ ವಾಪಸಾತಿಯ ಬಗ್ಗೆ ಗ್ರಾಹಕರಿಗೆ ತಪ್ಪು ಮಾಹಿತಿ ನೀಡಿತೆಂದು ಇಲ್ಲಿನ ಸ್ಪರ್ಧಾ ಮತ್ತು ಗ್ರಾಹಕ ಆಯೋಗ 2014ರಲ್ಲಿ ದಾವೆ ಹೂಡಿತು. 2016ರಲ್ಲಿ ಫೆಡರಲ್ ನ್ಯಾಯಾಲಯ 30 ಲಕ್ಷ ಡಾಲರ್ ದಂಡ ವಿಧಿಸಿತು. ದಾವೆ ನಡೆಯುತ್ತಿದ್ದಾಗಲೇ, 2015ರಲ್ಲಿ, ಸ್ಟೀಮ್ ಹೊಸ ನಿಯಮ ತಂದಿತ್ತು. ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಕೇಳಬಹುದು. ಸಾಗರದಲ್ಲಿ ಕುಳಿತವರಿಗೂ ಇದೇ ನಿಯಮ.

ಅಣ್ಣನ ಮಗ ಈಗ ದ್ವಿತೀಯ ಪಿಯುಸಿ. "ಚಿಕ್ಕಪ್ಪ, ಅಲ್ಲಿಗೇ ಬಂದು ಆಟ ಮಾಡುವುದನ್ನು ಕಲಿಯಲೇ?" ಎಂದು ಕೇಳಿದ್ದ. ಅಣ್ಣ ಸಾಲಕ್ಕೆ ಬ್ಯಾಂಕಿನಲ್ಲಿ ವಿಚಾರಿಸಿಯೂ ಆಗಿತ್ತು. ನಾನು ನೇರವಾಗಿ ಹೇಳಿದೆ: ಆ ತಂಡ ಕೈಬೆರಳಲ್ಲಿ ಎಣಿಸುವಷ್ಟು ಜನರದ್ದು. ಮೊದಲ ಆಟಕ್ಕೆ ಅವರು ಸಾರ್ವಜನಿಕರಿಂದ ಹಣ ಕೂಡಿಸಿದ್ದರು. ಅಂಥ ಕಡೆ ವಿದೇಶಿ ವಿದ್ಯಾರ್ಥಿಗೆ ನೌಕರಿ ಸಿಗುತ್ತದೆಂದು ಲಕ್ಷಗಟ್ಟಲೆ ಸಾಲ ಮಾಡಬಾರದು. ಆಟ ಮಾರಲು ಸ್ಟೀಮ್ ಕೇಳುವುದು 100 ಡಾಲರ್ ಶುಲ್ಕ. ಮೊದಲು ಮನೆಯಲ್ಲೇ ಕುಳಿತು ಒಂದು ಸಣ್ಣ ಆಟ ಮಾಡಿ ಆ ಪುಟ ತೆರೆ, ಎಷ್ಟು ಜನ ಪಟ್ಟಿಗೆ ಸೇರಿಸುತ್ತಾರೆ ನೋಡು ಎಂದೆ. ಅವನಿಗೆ ಬೇಸರವಾಯಿತು, ಎರಡು ವಾರ ನನ್ನೊಡನೆ ಮಾತಿಲ್ಲ.

ಮಾತು ಮರಳಿದ್ದು ಆಗಸ್ಟ್ 21ರಂದು, ಬಿಡುಗಡೆಯ ದಿನಾಂಕ ಪ್ರಕಟವಾದಾಗ. ಆರೂವರೆ ವರ್ಷ ಕಾಯಿಸಿದವರು ಕೊಟ್ಟದ್ದು ಎರಡೇ ವಾರದ ಸೂಚನೆ! ಅದೇ ವಾರ ಬಿಡುಗಡೆಯಾಗಬೇಕಿದ್ದ ಕೆಲವು ಸಣ್ಣ ತಂಡಗಳು ತಮ್ಮ ಆಟಗಳನ್ನು ಮುಂದೂಡಿಕೊಂಡವು.

ಹನ್ನೊಂದೂವರೆ ಆಯಿತು. ಮಗ ಗುಂಡಿ ಒತ್ತಿದ; ಪುಟ ತೆರೆಯಲಿಲ್ಲ. ಜಗತ್ತಿನ ನಾನಾ ಕಡೆಯಿಂದ ಜನ ಒಮ್ಮೆಗೇ ನುಗ್ಗಿ, ಸ್ಟೀಮ್ ಅಷ್ಟೇ ಅಲ್ಲ, ಬೇರೆ ಅಂಗಡಿಗಳೂ ತತ್ತರಿಸಿದ್ದವು. ತಂಡವಿರುವ ಊರಿನಲ್ಲೇ ಇದ್ದರೂ ನಮಗೆ ದಾರಿಯಿಲ್ಲ. ಸಾಗರದಲ್ಲಿ ಮಾತ್ರ, ಅದೃಷ್ಟವೋ ಏನೋ, ಯುಪಿಐ ಪಾವತಿ ಆಗಿಹೋಯಿತು.

"ಅಣ್ಣ, ನೀನು ಆಡಲು ಶುರು ಮಾಡಬೇಡ, ನನಗೂ ಬರಲಿ" ಎಂದ ನನ್ನ ಮಗ. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವವನು.

"ಇಲ್ಲಪ್ಪ, ಕಾಯ್ತೀನಿ. ಇಲ್ಲಿ ಇಳಿಯೋದೂ ನಿಧಾನ. ಈಗ ನಾಲ್ಕು ಪರ್ಸೆಂಟ್."

ನಾನು ದೀಪ ಆರಿಸಲು ಎದ್ದವನು ಆರಿಸದೆ ಕುಳಿತೆ. ಆ ಕಡೆಯಿಂದ ಅವನು ಓದುತ್ತಲೇ ಇದ್ದ: ಐದು, ಆರು.