ಒಕ್ಕಣ್ಣಿನ ಕಾರು

ಒಕ್ಕಣ್ಣು ಶುಕ್ರಾಚಾರ್ಯರಿಗೆ ಸಂದೀತು, ಕಾರಿಗೆ ಸಲ್ಲದು. ಮೊನ್ನೆ ನಮ್ಮ ಕಾರಿನ ಎಡಗಡೆಯ ಮುಂದೀಪವು ಆರಿಹೋಯಿತು. ಇರುಳಿನಲ್ಲಿ ಒಂಟಿದೀಪದ ಕಾರನ್ನು ಎದುರಿನವರು ಮೋಟಾರು ಸೈಕಲ್ಲೆಂದು ಭ್ರಮಿಸಿ ಮೈಮೇಲೆ ಬರುವ ಭಯವುಂಟು. ದುರಸ್ತಿಗಾರನೊಬ್ಬನು ದೀಪದ ಗೂಡನ್ನೇ ಬದಲಿಸಬೇಕೆಂದು ಸಾವಿರಗಳ ಲೆಕ್ಕ ಹೇಳಿದನು. ನಾವು ಒಪ್ಪದೆ ಸ್ವತಃ ಪರೀಕ್ಷೆಗೆ ತೊಡಗಿದೆವು.

ನಮ್ಮದು ಎಚ್‌4 ಎಂಬ 12 ವೋಲ್ಟಿನ ಬಲ್ಬು. ದೂರದ ಬೆಳಕಿಗೆ 60 ವ್ಯಾಟಿನದೂ ಸಮೀಪದ ಬೆಳಕಿಗೆ 55 ವ್ಯಾಟಿನದೂ ಆಗಿ ಎರಡು ತಂತುಗಳು ಒಂದೇ ಗಾಜಿನೊಳಗಿರುವುವು. ಇವೆರಡೂ ಏಕಕಾಲದಲ್ಲಿ ಸುಟ್ಟುಹೋಗುವುದು ವಿರಳ. ಆದುದರಿಂದ ದೋಷವು ಬೇರೆಡೆ ಇರತಕ್ಕುದೆಂದು ಊಹಿಸಿದೆವು. ದೀಪ ತಣ್ಣಗಾದ ಮೇಲೆ ಬಲಗಡೆಯ ಬಲ್ಬನ್ನು ತೆಗೆದು ಎಡಕ್ಕೆ ಹಾಕಿದರೆ ಅದೂ ಬೆಳಗಲಿಲ್ಲ. ಫ್ಯೂಸು ನೆಟ್ಟಗಿತ್ತು. ಕಡೆಗೆ, ಎರಡು ತಂತುಗಳಿಗೂ ಒಂದೇ ಆದ ಅರ್ತಿನ ತಂತಿಯು ಕಾರಿನ ಮೈಗೆ ಕೂಡುವೆಡೆಯಲ್ಲಿ ತುಕ್ಕು ಕಂಡಿತು. ಉಪ್ಪುಕಾಗದದಿಂದ ಉಜ್ಜಿ ತಿರುಪನ್ನು ಬಿಗಿದೊಡನೆ ದೀಪ ಹೊತ್ತಿತು!

ಒಂದು ತಪ್ಪು ನಮ್ಮಿಂದಲೂ ಆಯಿತು. ಆತುರದಲ್ಲಿ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಿದೆವು. ಬೆರಳಿನ ಜಿಡ್ಡಿದ್ದ ಸ್ಥಳವು ಅತಿಯಾಗಿ ಕಾದು ಗಾಜು ಒಡೆಯಬಹುದು; ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಬೇಕಾಯಿತು. ಬಳಿಕ ಕಾರನ್ನು ಗೋಡೆಯೆದುರು ನಿಲ್ಲಿಸಿ, ಎರಡು ಬೆಳಕೂ ಒಂದೇ ಎತ್ತರದಲ್ಲಿ ಬೀಳುವುದನ್ನು ನೋಡಿಕೊಂಡೇ ಆ ರಾತ್ರಿ ಹೊರಟೆವು.